ರೆನೆಲ್ಲನ ನಕಾಶೆ: ಬಳ್ಳಾಪುರ ಸೀಮೆ ಮತ್ತು ನಾವಿಕರ ಪದ್ಧತಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಸೀಮೆಗೂ ಸಮುದ್ರಕ್ಕೂ ಪಿನಾಕಿನಿಗಳ ಹೊರತು ಬೇರೆ ಸಂಬಂಧವಿಲ್ಲವೆಂದು ತಿಳಿಯುವುದುಂಟು. ನಂದಿಯ ಸುತ್ತಣ ಬೆಟ್ಟಗಳಲ್ಲಿ ಹುಟ್ಟಿದ ಉತ್ತರಪಿನಾಕಿನಿ ನೆಲ್ಲೂರಿನ ಕಡೆಗೂ ದಕ್ಷಿಣಪಿನಾಕಿನಿ ಕಡಲೂರಿನ ಕಡೆಗೂ ಹರಿದು ಸಮುದ್ರ ಸೇರುತ್ತವೆ. ಆದರೆ ಈ ಸೀಮೆಯ ಹಳೆಯ ಆಂಗ್ಲ ನಕಾಶೆಗಳನ್ನು ಪರಿಶೀಲಿಸುವವರು ಇನ್ನೊಂದು ಸಂಬಂಧವನ್ನು ಗಮನಿಸಬೇಕು. ಅವುಗಳ ರಚನಾಕ್ರಮವು ನಾವಿಕರದು.

ಜೇಮ್ಸ್ ರೆನೆಲ್ 1756ರಲ್ಲಿ ಬಾಲ್ಯದಲ್ಲಿಯೇ ನೌಕಾಪಡೆ ಸೇರಿ, ಬಂದರುಗಳನ್ನೂ ತೀರಗಳನ್ನೂ ಅಳೆಯುವ ವಿದ್ಯೆಯನ್ನು ಕಲಿತವನು. 1764ರಲ್ಲಿ ಬಂಗಾಳದ ಮೋಜಣಿಗೆ ನಿಯುಕ್ತನಾದನು. 1782ರ ಹಿಂದೂಸ್ಥಾನದ ನಕಾಶೆಯನ್ನು ಅವನು ಲಂಡನ್ನಿನಲ್ಲಿ ಕುಳಿತು, ಪರರ ವರದಿಗಳಿಂದ ಜೋಡಿಸಿದನು. ಮೈಸೂರು ಸೀಮೆಯನ್ನು ತಾನೇ ಅಳೆದವನಲ್ಲ. ಅದರ ವಿವರಣಗ್ರಂಥವು ಮೊದಲು ಸಮುದ್ರತೀರಗಳನ್ನು ನಿರ್ಣಯಿಸುತ್ತದೆ. ಒಳನಾಡು ಬರುವುದು ಆಮೇಲೆ. ಎರಡು ತೀರಗಳೆಂಬ ಚೌಕಟ್ಟಿನ ನಡುವೆ ಒಳನಾಡನ್ನು ತೂಗುಹಾಕಿದಂತಾಯಿತು.

ಹಡಗಿನವನು ದಿಕ್ಸೂಚಿಯಿಂದ ದಿಕ್ಕನ್ನೂ ಓಟದಿಂದ ದೂರವನ್ನೂ ಹಿಡಿದು ತನ್ನ ಸ್ಥಾನವನ್ನು ಊಹಿಸುತ್ತಾನೆ. ದಂಡಿನೊಡನೆ ನಡೆದ ಮೋಜಣಿದಾರನೂ ದಿಕ್ಸೂಚಿ ಹಿಡಿದು, ಗಾಲಿಯುರುಳಿಸಿ ಅದನ್ನೇ ಮಾಡಿದನು. 1791ರಲ್ಲಿ ಕಾರ್ನ್‌ವಾಲೀಸನ ಸೇನೆ ಬೆಂಗಳೂರನ್ನು ಹಿಡಿಯಿತು. ಅದೇ ಅಕ್ಟೋಬರಿನಲ್ಲಿ ನಂದಿದುರ್ಗ ಬಿದ್ದಿತು. ಆ ಯುದ್ಧದ ದಂಡಯಾತ್ರೆಗಳನ್ನು ಕುರಿತು ರೆನೆಲ್ 1792ರಲ್ಲಿ ನಕಾಶೆಸಹಿತವಾಗಿ ಒಂದು ಪುಸ್ತಕವನ್ನೇ ಪ್ರಕಟಿಸಿದನು. ದಂಡು ನಡೆದ ದಾರಿಯಲ್ಲಿ ಊರುಗಳು ದಟ್ಟವಾಗಿ ತೋರುವುದೂ ದಾರಿ ತಪ್ಪಿದೊಡನೆ ಹಾಳೆ ಬರಿದಾಗುವುದೂ ಇಂಥ ಕ್ರಮದ ಸಹಜ ಫಲ. ಆ ಬರಿದನ್ನು ಕಂಡು ನಾಡು ನಿರ್ಜನವಾಗಿತ್ತೆಂದು ಬರೆಯುವುದು ನಮಗೆ ಸಮ್ಮತವಲ್ಲ. ಹಡಗು ಹಾಯದ ಕಡಲಿನಲ್ಲಿ ನೀರಿಲ್ಲವೆಂದು ಯಾರೂ ಹೇಳರಷ್ಟೆ!

ದೋಷವು ಇಷ್ಟಕ್ಕೇ ನಿಲ್ಲದು. ಮದರಾಸು, ಮಂಗಳೂರುಗಳೆರಡೂ ಸುಮಾರು 13 ಅಂಶಗಳ ಉತ್ತರ ಅಕ್ಷಾಂಶದಲ್ಲಿವೆ. ಆದುದರಿಂದ ಅವುಗಳ ನಡುವಣ ಅಂತರವು ಬಹುಮಟ್ಟಿಗೆ ರೇಖಾಂಶದ ಪ್ರಶ್ನೆ. ಅಂದಿನ ನಕಾಶೆಗಳಲ್ಲಿ ಅದು ಸುಮಾರು 400 ಮೈಲಿ. 1802ರಲ್ಲಿ ಮದರಾಸಿನ ಬಳಿ ಆಧಾರರೇಖೆಯನ್ನು ಅಳೆದು, ತ್ರಿಕೋನಗಳ ಸಾಲನ್ನು ಪಶ್ಚಿಮ ತೀರಕ್ಕೆ ಒಯ್ದ ಲ್ಯಾಂಬ್ಟನ್ನನಿಗೆ ದೊರೆತದ್ದು ಸುಮಾರು 360. ಆ ರೇಖೆಗೆ ತುಸು ಉತ್ತರದಲ್ಲಿರುವ ನಮ್ಮ ನಾಲ್ಕು ಊರುಗಳು ಪೂರ್ವಪಶ್ಚಿಮವಾಗಿ ಸುಮಾರು ಅರ್ಧ ಅಂಶದೊಳಗೆ ಅಡಗುತ್ತವೆ. ಹೀಗಿರುವಾಗ, 40 ಮೈಲಿಯ ತಪ್ಪನ್ನು ಹೊತ್ತ ಚೌಕಟ್ಟಿನಲ್ಲಿ ಇವುಗಳ ಸ್ಥಾನವನ್ನು ಮೈಲಿ ಲೆಕ್ಕದಲ್ಲಿ ಚರ್ಚಿಸುವುದು ವ್ಯರ್ಥ. ಗ್ರಾಮಗಳ ವಿಚಾರಕ್ಕೆ 1799ರ ಅನಂತರದ ಮೆಕೆಂಜಿಯ ಮೈಸೂರು ಮೋಜಣಿಯೇ ಆಶ್ರಯ.

ಇಷ್ಟಾದರೂ ರೆನೆಲ್ಲನನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಯಾವ ಸ್ಥಾನವನ್ನು ಯಾರ ಮಾತಿನಿಂದ ನಿರ್ಣಯಿಸಿದೆನೆಂದು ಅವನ ಗ್ರಂಥವು ಪ್ರಾಮಾಣಿಕವಾಗಿ ಒಪ್ಪಿಸುತ್ತದೆ. ಕೊರೆದ ಗೆರೆಗೆ ಆ ಸಂಶಯವನ್ನು ಹೇಳುವ ಶಕ್ತಿಯಿಲ್ಲ. ನಕಾಶೆಯೊಂದನ್ನೇ ನೋಡಿ ಗ್ರಂಥವನ್ನು ಬಿಡುವುದು ಓದುಗರ ಅಪರಾಧ. ಮುಪ್ಪಿನಲ್ಲಿ ಅವನು ಮರಳಿ ಕಡಲಿಗೇ ಬಂದನು. ಹಡಗಿನವರು ಲೆಕ್ಕಹಾಕಿದ ಸ್ಥಾನಕ್ಕೂ ಕಾಲಮಾಪಕದಿಂದ ತಿಳಿದ ಸ್ಥಾನಕ್ಕೂ ಇದ್ದ ವ್ಯತ್ಯಾಸವನ್ನು ಹಿಡಿದು ಅಟ್ಲಾಂಟಿಕ್ ಸಾಗರದ ಪ್ರವಾಹಗಳನ್ನು ಗುರುತಿಸಿದನು. ಆ ಗ್ರಂಥವು ಅಚ್ಚಾದದ್ದು ಅವನು ತೀರಿಕೊಂಡ ಎರಡು ವರ್ಷಗಳ ಮೇಲೆ, 1832ರಲ್ಲಿ.