ಕ್ರಾಯ್ಡನ್ನಿನ ಬೇಸು, ಹರಿಹರದ ಬಾಕ್ಸು

ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಗ, ಅಂದರೆ 2011ರ ಸುಮಾರಿಗೆ, ನಮ್ಮ ಹಾಸ್ಟೆಲ್ಲಿನಲ್ಲಿ ಡಬ್‌ಸ್ಟೆಪ್ ಅಂದರೆ ಸ್ಕ್ರಿಲೆಕ್ಸ್, ಸ್ಕ್ರಿಲೆಕ್ಸ್ ಅಂದರೆ ಡಬ್‌ಸ್ಟೆಪ್. ಬೇರೆ ಹೆಸರೇ ಗೊತ್ತಿರಲಿಲ್ಲ. ಯಾರೋ ಬೆಂಗಳೂರಿಂದ ಪೆನ್‌ಡ್ರೈವಿನಲ್ಲಿ ತಂದ ‘ಸ್ಕೇರಿ ಮಾನ್‌ಸ್ಟರ್ಸ್ ಅಂಡ್ ನೈಸ್ ಸ್ಪ್ರೈಟ್ಸ್’ ಬ್ಲೂಟೂತಿನಲ್ಲಿ ರೂಮಿಂದ ರೂಮಿಗೆ ದಾಟಿ ಎರಡೇ ದಿನದಲ್ಲಿ ಇಡೀ ಹಾಸ್ಟೆಲ್ ಸುತ್ತಿತ್ತು. ಸೌಂಡ್ ಜಾಸ್ತಿ ಬರುತ್ತೆ ಅಂತ ಮೊಬೈಲನ್ನು ಸ್ಟೀಲ್ ಲೋಟದೊಳಗೆ ಇಟ್ಟು ಕೇಳುತ್ತಿದ್ದೆವು. ಡ್ರಾಪ್ ಬಂದ ಕೂಡಲೇ ಎಲ್ಲರ ಮುಖವೂ ಹುಣಸೆಹಣ್ಣು ತಿಂದವರ ಹಾಗೆ ಸೊಟ್ಟಗಾಗೋದು. ‘ಮಿಕ್ಸಿಗೆ ಕಲ್ಲು ಹಾಕಿದಂಗೈತಲೇ’ ಅಂದಿದ್ದ ರೂಮ್‌ಮೇಟ್. ಆಮೇಲೆ ಆ ಹಾಡಿನ ಬಗ್ಗೆ ನಾನು ಓದಿದ ಎಷ್ಟೋ ವಿಮರ್ಶೆಗಳಿಗಿಂತ ಆ ಮಾತೇ ವಾಸಿ.

ಕೆಲಸಕ್ಕೆ ಬೆಂಗಳೂರಿಗೆ ಬಂದೆ. ಮೂರನೇ ಸಂಬಳದಲ್ಲಿ ಒಳ್ಳೆ ಹೆಡ್‌ಫೋನ್ ತಗೊಂಡೆ. ಅದರ ಜೊತೆಗೇ ಸ್ವಲ್ಪ ಕೊಬ್ಬೂ ಬಂತು ಅನ್ನಿ. ಅಸಲಿ ಡಬ್‌ಸ್ಟೆಪ್ ಲಂಡನ್ನಿಂದು, ಅಮೆರಿಕದವರು ಅದನ್ನ ಕೆಡಿಸಿದರು ಅಂತ ಇಂಟರ್ನೆಟ್ಟಿನಲ್ಲಿ ಎಲ್ಲರೂ ಹೇಳುತ್ತಿದ್ದರು, ನಾನೂ ಹೇಳತೊಡಗಿದೆ. ‘ಬ್ರೋಸ್ಟೆಪ್’ ಅನ್ನೋ ಬೈಗುಳ ಕಲಿತೆ. ಊರಿಗೆ ಹೋದಾಗ ಹಳೇ ಗೆಳೆಯರ ಫೋನಿನಲ್ಲಿ ಸ್ಕ್ರಿಲೆಕ್ಸ್ ಕಂಡರೆ ಪಾಪ ಅನ್ನೋ ಹಾಗೆ ನೋಡುತ್ತಿದ್ದೆ. ಹತ್ತು ವರ್ಷ ಆ ಜಂಬದಲ್ಲೇ ಕಳೆಯಿತು. ಈಗ ಅದನ್ನು ವಾಪಸ್ ತಗೊಳ್ಳುತ್ತಿದ್ದೇನೆ, ಪೂರ್ತಿಯಾಗಿ ಅಲ್ಲದಿದ್ದರೂ.

ಮೊದಲು ಕ್ರಾಯ್ಡನ್ ವಿಷಯಕ್ಕೆ ಬರೋಣ. ಲಂಡನ್ನಿನ ದಕ್ಷಿಣ ತುದಿಯ ಊರು ಅದು. ನಡು ಲಂಡನ್ನಿಂದ ಸುಮಾರು ಹದಿನೈದು ಕಿಲೋಮೀಟರ್, ಹೆಚ್ಚುಕಡಿಮೆ ದಾವಣಗೆರೆಯಿಂದ ಹರಿಹರಕ್ಕೆ ಇರುವಷ್ಟು. ಲಂಡನ್ನಿನ ಜನ ಕ್ರಾಯ್ಡನ್ ಅಂದರೆ ಮೂಗು ಮುರಿಯೋದೂ, ದಾವಣಗೆರೆಯ ನಮ್ಮ ಕ್ಲಾಸ್‌ಮೇಟುಗಳು ಹರಿಹರದವರನ್ನ ಚುಡಾಯಿಸೋದೂ ಒಂದೇ ಜಾತಿ. (ನಾನು ಹರಿಹರದವನು, ಅದಕ್ಕೇ ಗೊತ್ತು.) ಅಲ್ಲಿ ಸರ್ರೆ ಸ್ಟ್ರೀಟ್ ಅನ್ನೋ ಸಂತೆ ಬೀದಿಯಲ್ಲಿ ಬಿಗ್ ಆ್ಯಪಲ್ ರೆಕಾರ್ಡ್ಸ್ ಅನ್ನೋ ಅಂಗಡಿ ಇತ್ತು. ಹ್ಯಾಚಾ, ಸ್ಕ್ರೀಮ್ ಇಬ್ಬರೂ ಅಲ್ಲಿ ಕೆಲಸ ಮಾಡಿದವರು. ಬೆಂಗಾ ಅಲ್ಲೇ ಸುತ್ತಾಡಿಕೊಂಡಿದ್ದವನು. ಸ್ಕ್ರೀಮ್, ಬೆಂಗಾ ಆಗಿನ್ನೂ ಮೀಸೆ ಮೂಡದ ಹುಡುಗರು. ಮನೆ ಕಂಪ್ಯೂಟರಿನಲ್ಲಿ ಫ್ರೂಟಿಲೂಪ್ಸ್ ಹಾಕಿಕೊಂಡು ಬೀಟ್ ಮಾಡುತ್ತಿದ್ದರು. ಮೆರವಣಿಗೆಗೆ ರೀಮಿಕ್ಸ್ ಮಾಡುವ ನಮ್ಮ ಹುಡುಗರು ಇವತ್ತಿಗೂ ತೆರೆಯೋದು ಅದೇ ಸಾಫ್ಟ್‌ವೇರು, ಹೆಸರು ಮಾತ್ರ ಎಫ್ಎಲ್ ಸ್ಟುಡಿಯೋ ಆಗಿದೆ.

ಮನೆಯಲ್ಲಿ ಮಾಡಿದ್ದನ್ನು ಕೇಳುತ್ತಿದ್ದದ್ದು ಎಲ್ಲಿ? ಶೋರ್‌ಡಿಚ್‌ನ ಪ್ಲಾಸ್ಟಿಕ್ ಪೀಪಲ್ ಅನ್ನೋ ಸಣ್ಣ ಕ್ಲಬ್ಬಿನಲ್ಲಿ. ಹೆಚ್ಚುಕಡಿಮೆ ಕತ್ತಲು, ಸೌಂಡ್ ಸಿಸ್ಟಮ್ ಮಾತ್ರ ಭರ್ಜರಿ. ಅಲ್ಲಿ ‘ಫಾರ್ವರ್ಡ್’ ಅನ್ನೋ ಕ್ಲಬ್ ನೈಟ್ ನಡೆಯುತ್ತಿತ್ತು. 2005ರಿಂದ ಬ್ರಿಕ್ಸ್‌ಟನ್ನಿನ ಚರ್ಚ್ ಕಟ್ಟಡವೊಂದರಲ್ಲಿ ಮಾಲಾ, ಕೋಕಿ, ಲೋಫಾ ಸೇರಿ ‘ಡಿಎಂಜೆಡ್’ ಶುರುಮಾಡಿದರು. ಬ್ರಿಕ್ಸ್‌ಟನ್ ಅಂದರೆ ಜಮೈಕಾದಿಂದ ಬಂದು ನೆಲೆಸಿದವರ ಜಾಗ. ಅವರು ತಮ್ಮ ಜೊತೆ ತಂದ ಪದ್ಧತಿ ಸೌಂಡ್ ಸಿಸ್ಟಮ್: ಆಳೆತ್ತರದ ಬಾಕ್ಸುಗಳನ್ನ ಸ್ವಂತ ಕೈಯಲ್ಲಿ ಕಟ್ಟೋದು, ಅದರಲ್ಲಿ ಡಬ್ ನುಡಿಸೋದು. ಡಬ್‌ಸ್ಟೆಪ್‌ನ ಮೊದಲರ್ಧ ಅಲ್ಲಿಂದಲೇ ಬಂದದ್ದು.

ಈ ಸಂಗೀತದ ಲೆಕ್ಕ ಸರಳ. ನಿಮಿಷಕ್ಕೆ 140 ಬಡಿತ, ಆದರೆ ಸ್ನೇರ್ ಡ್ರಮ್ ಬೀಳೋದು ಮೂರನೇ ಬಡಿತಕ್ಕೆ ಮಾತ್ರ. ಹಾಗಾಗಿ ಮೈಗೆ ಅದು ಎಪ್ಪತ್ತರ ನಡಿಗೆ. ಆ ಬಡಿತಗಳ ನಡುವೆ ಬೇಕಾದಷ್ಟು ಖಾಲಿ ಜಾಗ ಉಳಿಯುತ್ತೆ. ಲಂಡನ್ನಿನವರು ಆ ಜಾಗವನ್ನು ಖಾಲಿಯೇ ಬಿಟ್ಟರು. ಕೆಳಗೆ ನಲವತ್ತು ಐವತ್ತು ಹರ್ಟ್ಜಿನ ಬೇಸು, ಮೇಲೆ ಒಂದೆರಡು ಚೂರು ಶಬ್ದ, ನಡುವೆ ಏನೂ ಇಲ್ಲ. ಐವತ್ತು ಹರ್ಟ್ಜಿನ ಒಂದು ಅಲೆ ಸುಮಾರು ಏಳು ಮೀಟರ್ ಉದ್ದ, ನಮ್ಮ ಹಾಸ್ಟೆಲ್ ರೂಮಿಗಿಂತ ದೊಡ್ಡದು. ಅದನ್ನ ಕಿವಿಗಿಂತ ಹೆಚ್ಚಾಗಿ ಎದೆಗೂಡು ಕೇಳಿಸಿಕೊಳ್ಳುತ್ತೆ. ಅದಕ್ಕೇ ಈ ಸಂಗೀತವನ್ನ ಕೇಳೋಕೆ ಅದಿರುವ ಜಾಗಕ್ಕೇ ಹೋಗಬೇಕಿತ್ತು. ಹೊಸ ಟ್ರ್ಯಾಕುಗಳನ್ನು ಡಬ್‌ಪ್ಲೇಟ್ ಅನ್ನೋ ಮೆತ್ತನೆ ತಟ್ಟೆಯ ಮೇಲೆ ಕೊರೆಸಿ ನುಡಿಸುತ್ತಿದ್ದರು. ನುಡಿಸಿದಷ್ಟೂ ಅದು ಸವೆಯುತ್ತೆ. ಅಲ್ಲಿಗೆ ಬಂದವರಿಗೆ ಸಿಕ್ಕಿತು, ಬರದವರಿಗೆ ಇಲ್ಲ.

ಇನ್ನು ಅಮೆರಿಕ. ಸ್ಕ್ರಿಲೆಕ್ಸ್ ಲಾಸ್ ಏಂಜಲಿಸ್‌ನವನು. ಮೊದಲು ‘ಫ್ರಮ್ ಫಸ್ಟ್ ಟು ಲಾಸ್ಟ್’ ಅನ್ನೋ ಬ್ಯಾಂಡಿನಲ್ಲಿ ಗಂಟಲು ಹರಿಯೋ ಹಾಗೆ ಹಾಡುತ್ತಿದ್ದ. ಆ ಅರಚಾಟವನ್ನ ಅವನು ಬಿಡಲಿಲ್ಲ, ಗಂಟಲಿನಿಂದ ಸಿಂಥಸೈಜರಿಗೆ ವರ್ಗಾಯಿಸಿದ ಅಷ್ಟೇ. 2010ರ ಅಕ್ಟೋಬರಿನಲ್ಲಿ ‘ಸ್ಕೇರಿ ಮಾನ್‌ಸ್ಟರ್ಸ್’ ಬಂತು, 2012ರಲ್ಲಿ ಒಂದೇ ರಾತ್ರಿ ಮೂರು ಗ್ರ್ಯಾಮಿ. ಆ ಹಾಡಿನ ಡ್ರಾಪಿಗೆ ಮುಂಚೆ ಕಿರುಚುವ ಹುಡುಗಿಯ ದನಿ ಇದೆಯಲ್ಲ, ಅದನ್ನ ಎತ್ತಿಕೊಂಡದ್ದು ಲೋಟಗಳನ್ನ ಪೇರಿಸುವ ಆಟದ ಒಂದು ಯೂಟ್ಯೂಬ್ ವಿಡಿಯೋದಿಂದ. ಹುಟ್ಟಿದ್ದೂ ಸ್ಕ್ರೀನಿನಲ್ಲಿ, ಬೆಳೆದದ್ದೂ ಸ್ಕ್ರೀನಿನಲ್ಲಿ. ಲಂಡನ್ನಿನವರು ಖಾಲಿ ಬಿಟ್ಟ ಜಾಗವನ್ನ ಅಮೆರಿಕದವರು ಗುರುಗುಟ್ಟುವ, ಕಿರ್ರೆನ್ನುವ ನಡು ಸ್ವರಗಳಿಂದ ತುಂಬಿಬಿಟ್ಟರು. ಅದರ ಬೇಸು ಬಹುಪಾಲು ಬೇಸೇ ಅಲ್ಲ, ಬೇಸಿನ ವೇಷ ಹಾಕಿದ ಮಿಡ್‌ರೇಂಜು.

ಆದರೆ ನನ್ನ ತೀರ್ಪು ಮಗುಚಿದ್ದು ಅಲ್ಲೇ. ಮೊಬೈಲಿನ ಪುಟ್ಟ ಸ್ಪೀಕರು ಇನ್ನೂರು ಮುನ್ನೂರು ಹರ್ಟ್ಜಿಗಿಂತ ಕೆಳಗೆ ಹೆಚ್ಚೇನೂ ನುಡಿಸಲಾರದು. ನಮ್ಮ ಸ್ಟೀಲ್ ಲೋಟದೊಳಗೆ ಮಾಲಾನ ಟ್ರ್ಯಾಕ್ ಹಾಕಿದ್ದರೆ ಏನು ಕೇಳುತ್ತಿತ್ತು? ದೂರದಲ್ಲೆಲ್ಲೋ ಯಾರೋ ಬಾಗಿಲು ತಟ್ಟಿದ ಹಾಗೆ ಎರಡು ಟಕ್ ಟಕ್, ಅಷ್ಟೇ. ಸ್ಕ್ರಿಲೆಕ್ಸ್ ಮಾತ್ರ ಆ ಲೋಟದೊಳಗೂ ಬದುಕಿದ. ನಾವು ಅಮೆರಿಕದ ಡಬ್‌ಸ್ಟೆಪ್ಪನ್ನ ಆರಿಸಿಕೊಂಡವರಲ್ಲ. ನಮ್ಮ ಊರಿನ ತನಕ ಬರುವ ತಾಕತ್ತು ಇದ್ದದ್ದು ಅದೊಂದಕ್ಕೇ. ಲಂಡನ್ನಿನ ಸಂಗೀತ ಒಂದು ಕೋಣೆಗೆ ಅಂತ ಮಾಡಿದ್ದು, ಅಮೆರಿಕದ್ದು ಕೋಣೆ ಇಲ್ಲದವರಿಗೂ ಸಿಗುವಂಥದ್ದು. ಹರಿಹರದ ಹುಡುಗನೊಬ್ಬ ಎರಡನೆಯದನ್ನ ‘ಕೀಳು’ ಅಂತ ಬೈದರೆ ಅವನು ಬೈಯುತ್ತಿರೋದು ತನ್ನದೇ ಹಳೇ ಫೋನನ್ನ.

ಅಂದಹಾಗೆ ದೇಶದ ಹೆಸರಿನಲ್ಲಿ ಗೆರೆ ಎಳೆಯೋದೂ ಅರ್ಧ ಸುಳ್ಳು. ಗಲಾಟೆಯ ದಾರಿ ತೋರಿಸಿದವರಲ್ಲಿ ಡಿಎಂಜೆಡ್‌ನ ಕೋಕಿಯೇ ಒಬ್ಬ. ಅವನ 2007ರ ‘ಸ್ಪಾಂಜ್‌ಬಾಬ್’ ಕೇಳಿ ನೋಡಿ, ಸ್ಕ್ರಿಲೆಕ್ಸ್ ಎಲ್ಲಿಂದ ಬಂದ ಅಂತ ಗೊತ್ತಾಗುತ್ತೆ. ಕ್ಯಾಸ್ಪಾ, ರಸ್ಕೋ ಇಬ್ಬರೂ ಬ್ರಿಟನ್ನಿನವರೇ. ಅತ್ತ ಬಾಲ್ಟಿಮೋರ್‌ನ ಜೋ ನೈಸ್ ಅಮೆರಿಕದಲ್ಲಿ ಕೂತೇ ವರ್ಷಗಟ್ಟಲೆ ಆಳದ ಬೇಸನ್ನ ನುಡಿಸಿದ, ಅವನಿಗೆ ಗ್ರ್ಯಾಮಿ ಸಿಗಲಿಲ್ಲ.

ಸರಿ, ನಮ್ಮ ಕಡೆ ಕೋಣೆ ಎಲ್ಲಿದೆ? ಬೆಂಗಳೂರಿನ ಪಬ್ಬುಗಳನ್ನ ಬಿಡಿ. ಆ ಪ್ರಮಾಣದ ಬೇಸು ದಾವಣಗೆರೆ ಜಿಲ್ಲೆಯಲ್ಲಿ ಕೇಳುವುದು ಒಂದೇ ಕಡೆ, ಗಣಪತಿ ಬಿಡೋ ದಿನ, ಡಿಜೆ ಲಾರಿಯ ಹಿಂದೆ. ಇದನ್ನ ಗಮನಿಸಿದವನು ನಾನೊಬ್ಬನೇ ಅಲ್ಲ. ನ್ಯೂಕ್ಲಿಯಾ 2013ರ ‘ಕೂಚಾ ಮಾನ್‌ಸ್ಟರ್’, 2015ರ ‘ಬಾಸ್ ರಾಣಿ’ಗಳಲ್ಲಿ ಬೀದಿಯ ಡೋಲನ್ನೂ ಈ ಬೇಸನ್ನೂ ಕೂಡಿಸಿದ್ದ. ಆದರೆ ಅದು ಬೀದಿಯಿಂದ ಸ್ಟೇಜಿಗೆ ಹೋದ ಸಂಗೀತ. ಬೀದಿಯಲ್ಲೇ ಉಳಿದದ್ದರ ಬಗ್ಗೆ ಬರೆಯುವವರು ಕಡಿಮೆ. ಬರೆದರೂ ಪೊಲೀಸ್ ಸುದ್ದಿಯಾಗಿ.

ಹೋದ ಸಲ ಹಬ್ಬಕ್ಕೆ ಹರಿಹರಕ್ಕೆ ಹೋದಾಗ ಬಾಕ್ಸ್ ಬಾಡಿಗೆಗೆ ಕೊಡುವ ಒಬ್ಬ ಹುಡುಗನ ಶೆಡ್ಡಿಗೆ ಹೋಗಿದ್ದೆ. ಅವನಪ್ಪ ಟರ್ನರ್ ಆಗಿದ್ದವರು. ಮೈಸೂರು ಕಿರ್ಲೋಸ್ಕರ್ ಲೇಥ್ ಮಾಡುತ್ತಿದ್ದ ಊರಲ್ಲವಾ, ಅಳತೆ ತಪ್ಪಿದರೆ ಸಹಿಸದ ಜನ ಇನ್ನೂ ಇದ್ದಾರೆ. ಹುಡುಗ ಹದಿನೆಂಟು ಇಂಚಿನ ಸ್ಪೀಕರಿನ ಬೇಸ್ ಬಾಕ್ಸನ್ನ ಪ್ಲೈವುಡ್ ಕೊಯ್ದು ತಾನೇ ಕೂಡಿಸಿದ್ದ. ಒಳಗಿನ ಮಡಿಕೆಯ ಲೆಕ್ಕ ಯೂಟ್ಯೂಬಿಂದ, ಮೂಲೆ ಕೂಡಿಸೋ ಕೆಲಸ ಅಪ್ಪಂದು. ಬ್ರಿಕ್ಸ್‌ಟನ್ನಿನಲ್ಲಿ ಹೀಗೇ ಕಟ್ಟಿದವರ ಬಗ್ಗೆ ಪುಸ್ತಕಗಳೇ ಬಂದಿವೆ. ಇವನ ಬಗ್ಗೆ ಓಣಿಯಲ್ಲಿ ಬೈಗುಳ ಬಿಟ್ಟು ಇನ್ನೇನಿಲ್ಲ.

‘ಒಂದು ಹಾಡು ಹಾಕಲಾ?’ ಅಂದೆ. ನನ್ನ ಫೋನಿನಲ್ಲಿದ್ದ ಡಿಜಿಟಲ್ ಮಿಸ್ಟಿಕ್ಸ್‌ನ ಹಳೇ ಟ್ರ್ಯಾಕ್ ಒಂದನ್ನ ಕೇಬಲ್ ಚುಚ್ಚಿ ಹಾಕಿದೆ. ಮೊದಲ ಅರ್ಧ ನಿಮಿಷ ಅವನು ಕೇಬಲ್ ಅಲ್ಲಾಡಿಸಿ ಅಲ್ಲಾಡಿಸಿ ನೋಡಿದ, ಲೂಸ್ ಆಗಿದೆ ಅಂದುಕೊಂಡು. ಆಮೇಲೆ ಬೇಸು ಬಂತು. ಶೆಡ್ಡಿನ ತಗಡು ಗುಂಯ್ ಅಂತು. ಮೂಲೆಯಲ್ಲಿದ್ದ ಸ್ಕ್ರೂ ಡಬ್ಬಿ ತಾನೇ ತಾನಾಗಿ ನಾಲ್ಕು ಬೆರಳು ಸರಿಯಿತು. ಹುಡುಗ ಕೇಬಲ್ ಬಿಟ್ಟು ಸುಮ್ಮನೆ ನಿಂತ. ಹತ್ತು ವರ್ಷ ಹೆಡ್‌ಫೋನಿನಲ್ಲಿ ಕೇಳಿದ ಹಾಡನ್ನ ನಾನು ಮೊದಲ ಸಲ ಕೇಳಿದ್ದು ಅವತ್ತು.

‘ಭಾರಿ ಐತಣ್ಣಾ,’ ಅಂದ. ಸ್ವಲ್ಪ ಹೊತ್ತು ಬಿಟ್ಟು, ‘ಆದ್ರೆ ಇದು ಮೆರವಣಿಗೇಲಿ ನಡೆಯಂಗಿಲ್ಲ. ಜನ ಕುಣಿಯಂಗಿಲ್ಲ, ನಿಂತ್ಬಿಡ್ತಾರೆ.’

ಅವನ ಮಾತು ಸರಿ. ಡಿಎಂಜೆಡ್‌ನವರು ಜನರನ್ನ ಕರೆಯುತ್ತಿದ್ದದ್ದೇ ಬೇಸಿನ ಭಾರದಲ್ಲಿ ಧ್ಯಾನ ಮಾಡೋಕೆ ಬನ್ನಿ ಅಂತ. ಮೆರವಣಿಗೆ ಮುಂದೆ ಸಾಗಬೇಕು, ನಿಲ್ಲಬಾರದು. ಹಾಗಾಗಿ ನಮ್ಮ ಡಿಜೆಗೆ ದೇಹ ಬ್ರಿಕ್ಸ್‌ಟನ್ನಿಂದು, ಬುದ್ಧಿ ಲಾಸ್ ಏಂಜಲಿಸ್‌ದು. ಅಷ್ಟು ದೊಡ್ಡ ಬಾಕ್ಸಿನಲ್ಲಿ ಒಂದು ಸೆಕೆಂಡೂ ಖಾಲಿ ಬಿಡೋದಿಲ್ಲ, ಎರಡು ನಿಮಿಷಕ್ಕೊಂದು ಡ್ರಾಪು, ನಡುವೆ ಸೈರನ್ನು. ವಿಮರ್ಶಕನಾಗಿ ನನ್ನ ದೂರು ಇದು: ಜೋರಾಗಿದೆ ಅಂತಲ್ಲ, ಬಿಡುವಿಲ್ಲ ಅಂತ. ಇದೇ ಬೀದಿಯಲ್ಲಿ ಡೊಳ್ಳಿನವರು ಬಂದಾಗ ನೋಡಿ. ಒಂದು ಮುಖಕ್ಕೆ ಕೋಲು, ಇನ್ನೊಂದಕ್ಕೆ ಅಂಗೈ. ಇಡೀ ತಂಡ ಒಮ್ಮೆಲೇ ತಡೆದು ನಿಂತು, ಮತ್ತೆ ಒಟ್ಟಿಗೆ ಬೀಳುವ ಆ ಒಂದು ಕ್ಷಣ ಇದೆಯಲ್ಲ, ಡ್ರಾಪ್ ಅಂದರೆ ಅದು. ತಡೆಯೋದು ಗೊತ್ತಿದ್ದವರಿಗೆ ಮಾತ್ರ ಬೀಳಿಸೋದು ಬರುತ್ತೆ.

ಇಷ್ಟೆಲ್ಲ ಬರೆಯುವಾಗ ಎದುರು ಮನೆಯ ಅಜ್ಜಿಯನ್ನ ಮರೆತರೆ ತಪ್ಪಾಗುತ್ತೆ. ಮೆರವಣಿಗೆಯ ಹೊತ್ತಿಗೆ ಆಸ್ಪತ್ರೆಯಿಂದ ಬಂದು ನಾಲ್ಕು ದಿನ ಆಗಿತ್ತು. ಎದೆಯ ತೊಂದರೆ. ಲಾರಿ ನಮ್ಮ ಓಣಿಯ ತಿರುವಿಗೆ ಬಂದಾಗ ಮನೆಯವರು ಅವರನ್ನ ಹಿತ್ತಿಲ ಕೋಣೆಗೆ ಎತ್ತಿಕೊಂಡು ಹೋಗಿ ಮಂಚದ ಸುತ್ತ ಕೂತರು. ಕಿಟಕಿ ಮುಚ್ಚಿದರೆ ಸೈರನ್ ಕಡಿಮೆಯಾಯಿತು. ಬೇಸು ಆಗಲಿಲ್ಲ. ಏಳು ಮೀಟರಿನ ಅಲೆಗೆ ಕಿಟಕಿ ಯಾವ ಲೆಕ್ಕ?

ಕಾನೂನೂ ಇದನ್ನ ಸರಿಯಾಗಿ ಕೇಳಿಸಿಕೊಳ್ಳೋದಿಲ್ಲ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಆದರೆ ಆ ಡೆಸಿಬಲ್ ‘ಎ’ ತೂಕದ್ದು. ಅಂದರೆ ಮನುಷ್ಯನ ಕಿವಿಗೆ ಹೆಚ್ಚು ಕೇಳಿಸುವ ಸ್ವರಗಳಿಗೆ ಬೆಲೆ ಕೊಟ್ಟು, ತೀರ ಕೆಳಗಿನವನ್ನ ಕಡಿತ ಮಾಡುವ ಅಳತೆ. ಐವತ್ತು ಹರ್ಟ್ಜಿನ ಬೇಸಿಗೆ ಅದು ಸುಮಾರು 30 ಡೆಸಿಬಲ್ ರಿಯಾಯಿತಿ ಕೊಡುತ್ತೆ. ನಮ್ಮ ಹಾಸ್ಟೆಲ್ ಲೋಟದ ಹಾಗೆ ಪೊಲೀಸರ ಮೀಟರಿಗೂ ಬೇಸು ಸರಿಯಾಗಿ ಕೇಳೋದಿಲ್ಲ ಅಂತಾಯಿತು. ಹಾಗಾಗಿ ಪ್ರತಿ ಹಬ್ಬಕ್ಕೂ ಎರಡೇ ದಾರಿ ಉಳಿಯುತ್ತೆ: ಪೂರ್ತಿ ಬಿಡೋದು, ಇಲ್ಲ ಪೂರ್ತಿ ನಿಷೇಧಿಸೋದು. ಬೇಸನ್ನ ಅಳೆಯುವ ‘ಸಿ’ ತೂಕದ ಅಳತೆಯೂ ಇದೆ. ಅದನ್ನ ಹಿಡಿದು, ಇಂಥ ಮೈದಾನದಲ್ಲಿ, ಇಂಥ ಹೊತ್ತಿನ ತನಕ, ಇಷ್ಟು ಅಂತ ಹೇಳಬಹುದು. ಓಣಿಗೆ ಬೇಡ, ಹೊಳೆ ದಂಡೆಯ ಬಯಲಿಗೆ ಹೋಗಿ ಅನ್ನಬಹುದು. ಕ್ರಾಯ್ಡನ್ನಿನ ಹುಡುಗರಿಗೆ ಸಿಕ್ಕ ಹಾಗೆ ಇವರಿಗೂ ಒಂದು ಕೋಣೆ ಬೇಕು, ಗೋಡೆ ಇಲ್ಲದಿದ್ದರೂ ಪರವಾಗಿಲ್ಲ.

ಮೊನ್ನೆ ಆ ಹುಡುಗ ವಾಟ್ಸಾಪಿನಲ್ಲಿ ಒಂದು ಫೈಲ್ ಕಳಿಸಿದ್ದ. ನಾನು ಕೊಟ್ಟ ಟ್ರ್ಯಾಕಿನ ಬೇಸು ಹಾಗೇ ಇದೆ, ಮೇಲೆ ಡೊಳ್ಳು ಕೂರಿಸಿದ್ದಾನೆ. ಒಂದು ನಿಮಿಷ ಆದ ಮೇಲೆ ಎಲ್ಲ ನಿಲ್ಲುತ್ತೆ, ಇಡೀ ನಾಲ್ಕು ಬಡಿತ ಏನೂ ಇಲ್ಲ. ಆಫೀಸ್ ಕ್ಯಾಬಿನಲ್ಲಿ ಫೋನ್ ಸ್ಪೀಕರಿನಲ್ಲಿ ಹಾಕಿದ್ದೆ, ಮಿಕ್ಕಿದ್ದು ಕೇಳಿಸಲಿಲ್ಲ. ಹಬ್ಬಕ್ಕೆ ರಜೆ ಹಾಕಿದ್ದೇನೆ.