ಹರಿಪುರದ ನಾಟಕಕಾರನೂ ಕಿರ್ಲೋಸ್ಕರ ಮಂಡಳಿಯೂ

ಕೃಷ್ಣಾ-ವಾರಣಾ ನದಿಗಳ ಸಂಗಮದಲ್ಲಿ, ಸಂಗಮೇಶ್ವರನ ಸನ್ನಿಧಿಯಲ್ಲಿರುವ ಹರಿಪುರದಲ್ಲಿ 1855ರಲ್ಲಿ ಜನಿಸಿದ ಗೋವಿಂದ ಬಲ್ಲಾಳ ದೇವಲರು, ಬೆಳಗಾವಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಅಣ್ಣಾಸಾಹೇಬ ಕಿರ್ಲೋಸ್ಕರರ ಶಿಷ್ಯರಾದುದು ಮರಾಠಿ ರಂಗಭೂಮಿಯ ಭಾಗ್ಯವೆಂದೇ ಹೇಳಬೇಕು. ಕನ್ನಡನಾಡಿನ ಗುರ್ಲಹೊಸೂರಿನಲ್ಲಿ ಹುಟ್ಟಿದ ಆ ಗುರುಗಳು 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ವನ್ನು ಪ್ರಯೋಗಿಸಿ ಸ್ಥಾಪಿಸಿದ ಸಂಗೀತ ನಾಟಕ ಮಂಡಳಿಯು, ಹಿಂದುಸ್ತಾನಿ ರಾಗಗಳನ್ನೂ ಲಾವಣಿ, ಕೀರ್ತನೆಗಳ ಮಟ್ಟುಗಳನ್ನೂ ಕನ್ನಡ ಹಾಡುಗಳ ಧಾಟಿಯನ್ನೂ ಒಂದೇ ರಂಗದಲ್ಲಿ ಸಮರಸಗೊಳಿಸಿತು.

1885ರಲ್ಲಿ ಸ್ಥಾಪಕರು ಕಾಲವಶರಾದರೂ ಮಂಡಳಿ ಕುಂದಲಿಲ್ಲ. ವೃದ್ಧನಿಗೆ ಬಾಲೆಯನ್ನು ಧಾರೆಯೆರೆಯುವ ಅನಾಚಾರವನ್ನು ಖಂಡಿಸಿದ ದೇವಲರ ‘ಶಾರದಾ’ 1899ರಲ್ಲಿ ರಂಗವೇರಿತು; ಮಂಡಳಿಯ ಗಾಯಕನಟ ಭಾವೂರಾವ ಕೋಲ್ಹಟಕರರ ಕಂಠಕ್ಕೆ ಮರುಳಾಗಿದ್ದ ರಸಿಕರು, 1905ರಲ್ಲಿ ಮಿರಜದಲ್ಲಿ ಶಕುಂತಲೆಯಾಗಿ ಮೊದಲ ಬಾರಿ ಕಾಣಿಸಿಕೊಂಡ ಗಾಯಕನಟ ಬಾಲಗಂಧರ್ವರನ್ನು ಕಂಡು ಪುನಃ ಪುಳಕಿತರಾದರು. 1913ರಲ್ಲಿ ಬಾಲಗಂಧರ್ವರು ಸಹಕಲಾವಿದರಾದ ಗೋವಿಂದರಾವ ಟೆಂಬೆ, ಗಣಪತರಾವ ಬೋಡಸರೊಡಗೂಡಿ ಮಂಡಳಿಯನ್ನು ತೊರೆದು ಗಂಧರ್ವ ನಾಟಕ ಮಂಡಳಿಯನ್ನು ಕಟ್ಟಿದರು. ಆದರೂ ಬಾಲಗಂಧರ್ವರ ಗಾಯನದ ಸ್ಮೃತಿಯನ್ನು ಗ್ರಾಮಫೋನ್ ತಟ್ಟೆಗಳು ಮನೆಮನೆಗಳಲ್ಲಿ ಕಾಪಾಡಿದವು.

ನಟರು ಮಡಿದರೂ ಪದಗಳು ಜನರ ಬಾಯಲ್ಲಿ ಉಳಿಯುವಂತೆ ಮಾಡಿದ ಈ ಮಂಡಳಿಯ ಸಾಧನೆಯು, ಮರಾಠಿ, ಕನ್ನಡವೆಂಬ ಎರಡು ಭಾಷೆಗಳ ಗಡಿಯಲ್ಲಿ ಅರಳಿದ ಕಲೆಯು ಎರಡಕ್ಕೂ ಸಲ್ಲತಕ್ಕದ್ದೆಂಬುದಕ್ಕೆ ನಿಸ್ಸಂದಿಗ್ಧ ಪ್ರಮಾಣವಾಗಿದೆ.