ಗೆರೆ ಯಾರದು, ಗುಂಡಿ ಯಾರದು

ವಾಲ್‌ಹಲ್ಲಾ ಎಂಬುದು ದಾರಿ ಹುಡುಕಿಕೊಡುವ ಒಂದು ಮುಕ್ತ ತಂತ್ರಾಂಶ. ಅದರ ಒಳಭಾಗಗಳಿಗೆಲ್ಲ ನಾರ್ಸ್ ಪುರಾಣದ ಹೆಸರುಗಳು. ಸಿಫ್ ಎಂಬ ಭಾಗದಲ್ಲಿ ಸೈಕಲ್ ಸವಾರಿಯ ಲೆಕ್ಕ ಕೂತಿದೆ: ರೋಡ್ ಬೈಕ್ ಆದರೆ ಗಂಟೆಗೆ 25 ಕಿಲೋಮೀಟರ್, ಊರೊಳಗೆ ಓಡಾಡುವ ಸಾಮಾನ್ಯ ಸೈಕಲ್ಲಿಗೆ 18, ಮೌಂಟನ್ ಬೈಕಿಗೆ 16. ಏರುದಾರಿ ನಿಮಗೆ ಎಷ್ಟರ ಮಟ್ಟಿಗೆ ಒಪ್ಪಿಗೆ ಎಂಬುದನ್ನು ಸೊನ್ನೆಯಿಂದ ಒಂದರ ನಡುವಿನ ಅಂಕಿಯಲ್ಲಿ ಹೇಳಬಹುದು. ಕೆಟ್ಟ ರಸ್ತೆಯನ್ನು ಎಷ್ಟು ತಪ್ಪಿಸಬೇಕು ಎಂಬುದಕ್ಕೂ ಹಾಗೇ ಒಂದು ಅಂಕಿ. ಇದನ್ನು ಬರೆದವರು ಸೈಕಲ್ ತುಳಿದವರೇ ಇರಬೇಕು. ಗಾಳಿ ಎದುರಿಗಿದ್ದಾಗ ಏನಾಗುತ್ತದೆ ಎಂಬುದನ್ನಷ್ಟೇ ಅವರು ಲೆಕ್ಕಕ್ಕೆ ತಂದಿಲ್ಲ; ಕ್ಷಮಿಸಬಹುದು.

ಆದರೂ ಈ ಲೆಕ್ಕವನ್ನು ನಂಬಿ ಹೊರಟವನು ಮಳೆಗಾಲದಲ್ಲಿ ಮಡ್‌ಗಾರ್ಡಿಗೆ ಕೆಮ್ಮಣ್ಣು ಮೆತ್ತಿಕೊಂಡು, ಚಕ್ರ ತಿರುಗದೆ, ಸೈಕಲ್ಲನ್ನು ಹೆಗಲಿಗೇರಿಸಿ ನಡೆಯಬೇಕಾಗಬಹುದು. ರಸ್ತೆಯ ಮೇಲ್ಮೈ ಹೇಗಿದೆ ಎಂದು ನಕ್ಷೆಯಲ್ಲಿ ಬರೆದಿಲ್ಲದಿದ್ದರೆ ತಂತ್ರಾಂಶ ಊಹೆಗೆ ಇಳಿಯುತ್ತದೆ. ಬಂಡಿದಾರಿ ಎಂದು ಗುರುತು ಹಾಕಿದ್ದರೆ ಮಣ್ಣಿದ್ದೀತು ಎಂದುಕೊಳ್ಳುತ್ತದೆ, ವಸತಿ ರಸ್ತೆ ಎಂದಿದ್ದರೆ ಡಾಂಬರಿದ್ದೀತು ಎಂದುಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ ಈ ಊಹೆ ಬಹುಮಟ್ಟಿಗೆ ಸರಿಹೋಗುತ್ತದೆ. ಮಾಗಡಿಯ ಆಚೆ ಹಾಗಲ್ಲ. ಅಲ್ಲಿ ವಸತಿ ರಸ್ತೆ ಊರು ಮುಗಿಯುವತನಕ ಕಾಂಕ್ರೀಟು, ತೋಟ ಶುರುವಾದ ಕೂಡಲೇ ಮಣ್ಣು, ಕೆರೆ ಏರಿಯ ಮೇಲೆ ದನ ನಡೆದ ಜಾಡು. ನಕ್ಷೆಯಲ್ಲಿ ಮೂರೂ ಒಂದೇ ಗೆರೆ.

ಇದು ತಂತ್ರಾಂಶದ ತಪ್ಪಲ್ಲ. ಬೀಳುವುದು ಏಳುವುದು ನಿರ್ಧಾರವಾಗುವುದು ಅದಕ್ಕೆ ಉಣಿಸಿದ ಮಾಹಿತಿಯಲ್ಲಿ. ಆ ಮಾಹಿತಿ ಬರುವುದು ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ. ಇಷ್ಟು ವರ್ಷಗಳಲ್ಲಿ ಆ ನಕ್ಷೆಗೆ ಯಾರು ಏನು ಸೇರಿಸಿದರು, ಏನನ್ನು ಸೇರಿಸಲಿಲ್ಲ ಎಂಬುದನ್ನು ನೋಡಿದರೆ ಮುಕ್ತ ತಂತ್ರಾಂಶದ ಲೋಕಕ್ಕೆ ಕಂಪನಿಗಳು ಬಂದು ಆದ ಲಾಭ ನಷ್ಟದ ಲೆಕ್ಕ ಸಿಗುತ್ತದೆ. ಈ ಲೆಕ್ಕವನ್ನು ಸಾಮಾನ್ಯವಾಗಿ ಲೈಸೆನ್ಸುಗಳ ಭಾಷೆಯಲ್ಲಿ ಮಾಡುತ್ತಾರೆ. ಸೈಕಲ್ಲಿನ ಸೀಟಿನ ಮೇಲೆ ಕೂತು ಮಾಡಿದರೆ ಉತ್ತರ ಸ್ವಲ್ಪ ಬೇರೆಯೇ ಬರುತ್ತದೆ.

2004ರಲ್ಲಿ ಲಂಡನ್ನಿನಲ್ಲಿ ಸ್ಟೀವ್ ಕೋಸ್ಟ್ ಈ ನಕ್ಷೆ ಆರಂಭಿಸಿದಾಗ ಬ್ರಿಟನ್ನಿನ ನಕ್ಷೆಯ ಮಾಹಿತಿಯೆಲ್ಲ ಆರ್ಡ್‌ನೆನ್ಸ್ ಸರ್ವೆ ಎಂಬ ಸರ್ಕಾರಿ ಸಂಸ್ಥೆಯ ಕೈಯಲ್ಲಿತ್ತು, ಬೆಲೆಯೂ ದುಬಾರಿ. ಜನರ ದುಡ್ಡಿನಲ್ಲಿ ಅಳೆದ ನೆಲವನ್ನು ಜನರಿಗೇ ಮಾರುತ್ತಿದ್ದಾರೆ ಎಂಬ ಸಿಟ್ಟಿನಲ್ಲಿ ಹುಟ್ಟಿದ್ದು ಈ ಕೆಲಸ. ಆರಂಭದ ವರ್ಷಗಳಲ್ಲಿ ನಕ್ಷೆ ಬರೆಯಬೇಕಾದರೆ ಜಿಪಿಎಸ್ ಹಿಡಿದು ರಸ್ತೆ ರಸ್ತೆ ಅಲೆಯಬೇಕಿತ್ತು. ಕಾರಿನಲ್ಲಿ ಹೋದರೆ ಓಣಿಗಳು ತಪ್ಪುತ್ತವೆ, ನಡೆದರೆ ದಿನವೆಲ್ಲ ಹಿಡಿಯುತ್ತದೆ. ಸೈಕಲ್ಲೇ ಸರಿ ಎಂದು ಬಹಳಷ್ಟು ಜನ ಕಂಡುಕೊಂಡರು. ಹೀಗಾಗಿ ನಕ್ಷೆಯೊಳಗೆ ಸೈಕಲ್ ಸವಾರನ ಕಾಳಜಿ ತಾನಾಗಿಯೇ ಸೇರಿಕೊಂಡಿತು. ಎಲ್ಲಿ ಸೈಕಲ್ ನಿಲ್ಲಿಸಬಹುದು, ಯಾವ ಏಕಮುಖ ರಸ್ತೆಯಲ್ಲಿ ಸೈಕಲ್ಲಿಗೆ ಎದುರು ದಿಕ್ಕಿನಲ್ಲೂ ಹೋಗಲು ಅನುಮತಿಯಿದೆ, ಯಾವ ಕಾಲುದಾರಿಯ ಬಾಯಿಗೆ ಕಂಬ ನೆಟ್ಟಿದ್ದಾರೆ. ಆಂಡಿ ಆಲನ್ ಮಾಡಿದ ಓಪನ್‌ಸೈಕಲ್‌ಮ್ಯಾಪ್ ಈ ಎಲ್ಲವನ್ನೂ ಬಣ್ಣ ಹಚ್ಚಿ ತೋರಿಸಿತು. 2009ರಲ್ಲಿ ಕೇಂಬ್ರಿಜ್‌ನಿಂದ ಬಂದ ಸೈಕಲ್‌ಸ್ಟ್ರೀಟ್ಸ್ ಬೇಗ ಮುಟ್ಟುವ ದಾರಿಯ ಜೊತೆಗೆ ಗದ್ದಲವಿಲ್ಲದ ದಾರಿಯನ್ನೂ ಹುಡುಕಿಕೊಟ್ಟಿತು. ವಾಹನಗಳ ಭಯವಿಲ್ಲದೆ ಹೋಗಬಹುದಾದ ದಾರಿ ಎಂಬುದೂ ಕೇಳಬಹುದಾದ ಪ್ರಶ್ನೆಯೇ ಎಂದು ಅಲ್ಲಿಯತನಕ ಯಾವ ವಾಣಿಜ್ಯ ನಕ್ಷೆಗೆ ಹೊಳೆದಿತ್ತು?

ಮೇಲ್ಮೈಯ ನಯವನ್ನು ಅಳೆಯಲು ಇವರು ಮಾಡಿಕೊಂಡ ಎಂಟು ಮೆಟ್ಟಿಲ ಮಾಪನವನ್ನು ನಾನು ಈ ನಕ್ಷೆಯ ಅತ್ಯಂತ ಮನುಷ್ಯಸಹಜ ಭಾಗವೆಂದು ಭಾವಿಸುತ್ತೇನೆ. ಅತ್ಯುತ್ತಮದಿಂದ ಶುರುವಾಗಿ, ಕೆಟ್ಟದ್ದು, ತೀರಾ ಕೆಟ್ಟದ್ದು, ಭಯಂಕರ, ತೀರಾ ಭಯಂಕರ ಎಂದು ಇಳಿಯುತ್ತಾ ದಾಟಲಾಗದ್ದು ಎಂಬಲ್ಲಿ ಅದು ನಿಲ್ಲುತ್ತದೆ. ಒಂದೊಂದು ಮೆಟ್ಟಿಲಿಗೂ ಒಂದೊಂದು ಚಕ್ರದ ಉದಾಹರಣೆ: ಮೊದಲನೆಯದಕ್ಕೆ ರೋಲರ್ ಸ್ಕೇಟು, ಎರಡನೆಯದಕ್ಕೆ ರೇಸಿಂಗ್ ಸೈಕಲ್ಲು, ಕೆಟ್ಟ ರಸ್ತೆಯಲ್ಲಿ ಹೋಗಬಲ್ಲವುಗಳ ಪಟ್ಟಿಯಲ್ಲಿ ರಿಕ್ಷಾ ಕೂಡ ಇದೆ. ವ್ಯಕ್ತಿಯಿಂದ ವ್ಯಕ್ತಿಗೆ ಅಭಿಪ್ರಾಯ ಬದಲಾಗುತ್ತದೆ, ಇದು ವಿಜ್ಞಾನವಲ್ಲ ಎಂದು ಇದರ ಮೇಲೆ ಬಹಳ ಟೀಕೆ ಬಂದಿದೆ. ಇರಲಿ. ಸೊಂಟಕ್ಕೆ ಗೊತ್ತಾಗುವುದನ್ನು ಇದಕ್ಕಿಂತ ನಿಖರವಾಗಿ ಹೇಳುವ ಬಗೆ ಇನ್ನೂ ಯಾರೂ ತೋರಿಸಿಲ್ಲ.

ಕಂಪನಿಗಳು ಬಂದದ್ದು ಮೊದಲು ಸಲಕರಣೆ ಹೊತ್ತು. 2010ರಲ್ಲಿ ಮೈಕ್ರೋಸಾಫ್ಟ್ ಕೋಸ್ಟ್ ಅವರನ್ನೇ ಕೆಲಸಕ್ಕೆ ಸೇರಿಸಿಕೊಂಡು, ಬಿಂಗ್‌ನ ವೈಮಾನಿಕ ಚಿತ್ರಗಳನ್ನು ನೋಡಿ ನಕ್ಷೆ ಬರೆದುಕೊಳ್ಳಲು ಅನುಮತಿ ಕೊಟ್ಟಿತು. 2012ರಲ್ಲಿ ಅಮೆರಿಕದ ನೈಟ್ ಫೌಂಡೇಶನ್ 5,75,000 ಡಾಲರ್ ಕೊಟ್ಟು, ಮುಂದೆ ಮ್ಯಾಪ್‌ಬಾಕ್ಸ್ ಆಗಿ ಬೆಳೆದ ತಂಡದಿಂದ ಹೊಸ ಸಂಪಾದನಾ ಸಲಕರಣೆಯನ್ನು ಮಾಡಿಸಿತು. ಇಂದಿಗೂ ಹೊಸಬರು ಬ್ರೌಸರಿನಲ್ಲಿ ಮೊದಲು ಕಾಣುವುದು ಅದನ್ನೇ. ಈ ಎರಡರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಕರ್ನಾಟಕದ ಅದೆಷ್ಟೋ ಹಳ್ಳಿಗಳು ನಕ್ಷೆಯ ಮೇಲೆ ಕಾಣಿಸಿಕೊಂಡದ್ದೇ ಆ ಚಿತ್ರಗಳಿಂದ. ಊರಿನ ಹೆಸರನ್ನು ಕನ್ನಡ ಲಿಪಿಯಲ್ಲಿ ಸೇರಿಸಲು ಸ್ವಯಂಸೇವಕರಿಗೆ ಕೂತಲ್ಲೇ ಅನುಕೂಲವಾದದ್ದು ಆ ಸಲಕರಣೆಯಿಂದ.

ಆಮೇಲೆ ಬಂದದ್ದು ಸಂಬಳದ ಕೈಗಳು. ಆಪಲ್, ಅಮೆಜಾನ್, ಫೇಸ್‌ಬುಕ್, ಮೈಕ್ರೋಸಾಫ್ಟ್, ಆಗ್ನೇಯ ಏಷ್ಯಾದ ಟ್ಯಾಕ್ಸಿ ಆ್ಯಪ್ ಗ್ರ್ಯಾಬ್ ತಮ್ಮ ತಮ್ಮ ತಂಡಗಳನ್ನು ನಕ್ಷೆಯ ಮೇಲೆ ಕೂರಿಸಿದವು. ಫೇಸ್‌ಬುಕ್ ಉಪಗ್ರಹ ಚಿತ್ರಗಳನ್ನು ಯಂತ್ರಕ್ಕೆ ಓದಿಸಿ, ಅದು ಗುರುತಿಸಿದ ರಸ್ತೆಗಳನ್ನು ಮನುಷ್ಯರ ಕಣ್ಣಿನಿಂದ ಪರೀಕ್ಷಿಸಿ, ಥಾಯ್ಲೆಂಡ್ ಒಂದರಲ್ಲೇ 3 ಲಕ್ಷ ಮೈಲಿಗೂ ಹೆಚ್ಚು ರಸ್ತೆ ಸೇರಿಸಿದ್ದಾಗಿ 2019ರಲ್ಲಿ ಪ್ರಕಟಿಸಿತು. ಅದೇ ವರ್ಷ ಬಂದ ಒಂದು ಅಧ್ಯಯನ ಕಂಪನಿಗಳ ತಿದ್ದುಪಡಿಗಳನ್ನೆಲ್ಲ ಹರವಿಕೊಂಡು ನೋಡಿ, ಅವರ ಗಮನ ಮುಖ್ಯವಾಗಿ ಇರುವುದು ರಸ್ತೆ ಜಾಲದ ಮೇಲೆ ಎಂದು ತೋರಿಸಿತು. ಆಶ್ಚರ್ಯವೇನಿಲ್ಲ. ಟ್ಯಾಕ್ಸಿ ಓಡಿಸುವವನಿಗೆ, ಪಾರ್ಸೆಲ್ ಮುಟ್ಟಿಸುವವನಿಗೆ ಬೇಕಾದದ್ದು ರಸ್ತೆ ಎಲ್ಲಿಂದ ಎಲ್ಲಿಗೆ, ಎಲ್ಲಿ ತಿರುವು ನಿಷೇಧ, ಗೇಟು ಯಾವ ಕಡೆ. ಅಷ್ಟಕ್ಕೆ ಸಂಬಳ.

ಇಲ್ಲಿಗೆ ಬಂದಾಗ ಹೊಗಳುವವರೂ ಬೈಯುವವರೂ ಇಬ್ಬರೂ ನನಗೆ ಅರ್ಧ ಹಾದಿಯಲ್ಲಿ ನಿಂತಂತೆ ಕಾಣುತ್ತಾರೆ. ಹೊಗಳುವವರು ಮೈಲಿ ಎಣಿಸುತ್ತಾರೆ. ಬೈಯುವವರು ಸಮುದಾಯದ ಆತ್ಮ ಹೋಯಿತು ಎನ್ನುತ್ತಾರೆ. ಸವಾರನ ಮಟ್ಟಿಗೆ ನಿಜವಾಗಿ ಬದಲಾದದ್ದು ಬೇರೆ. ಮೊದಲು ನಕ್ಷೆಯಲ್ಲಿ ಒಂದು ಪ್ರದೇಶ ಖಾಲಿಯಿದ್ದರೆ ಸವಾರ ನಿಂತು, ಅಂಗಡಿಯವರನ್ನು ಕೇಳುತ್ತಿದ್ದ. ಈಗ ಅಲ್ಲೊಂದು ಗೆರೆಯಿದೆ, ಆ ಗೆರೆಯ ಮೇಲೆ ಫೋನು ನೀಲಿ ಬಣ್ಣದಲ್ಲಿ ದಾರಿ ಬರೆದಿದೆ, ದೂರವೂ ಸಮಯವೂ ಲೆಕ್ಕವಾಗಿದೆ. ಉಪಗ್ರಹಕ್ಕೆ ಕಾಣುವುದು ಹಸಿರಿನ ನಡುವಿನ ಬೋಳು ಪಟ್ಟಿ ಮಾತ್ರ. ಅದು ಕಳೆದ ವರ್ಷದ ಡಾಂಬರೋ, ಜಲ್ಲಿ ಸುರಿದು ಗುತ್ತಿಗೆದಾರ ಮಾಯವಾದ ಕಾಮಗಾರಿಯೋ, ಮೋರಿಯ ಮೇಲೆ ಸವಾರನ ಚಕ್ರ ಹೋಗುವ ದಿಕ್ಕಿಗೇ ಉದ್ದುದ್ದ ಸರಳು ಹಾಕಿದ್ದಾರೋ ಅದಕ್ಕೆ ತಿಳಿಯದು. ಕಾರಿನ ದಪ್ಪ ಟೈರು ಇದಾವುದನ್ನೂ ಲೆಕ್ಕಿಸದೆ ದಾಟಿಬಿಡುತ್ತದೆ. 25 ಮಿಲಿಮೀಟರ್ ಅಗಲದ ಸೈಕಲ್ ಟೈರು ಆ ಸರಳುಗಳ ನಡುವೆ ಇಳಿದರೆ ಸವಾರ ಹ್ಯಾಂಡಲ್ಲಿನ ಮೇಲಿಂದ ಹಾರಿ ಬೀಳುತ್ತಾನೆ. ಅಂದರೆ ಕಂಪನಿಗಳು ಸೇರಿಸಿದ್ದು ಸುಳ್ಳಲ್ಲ. ಅರ್ಧ ಸತ್ಯವನ್ನು ಅವು ಪೂರ್ಣ ವಿಶ್ವಾಸದ ಬಣ್ಣದಲ್ಲಿ ತುಂಬಿವೆ. ಖಾಲಿ ಜಾಗದಲ್ಲಿದ್ದ ಎಚ್ಚರಿಕೆ ಅದರೊಂದಿಗೆ ಅಳಿಸಿಹೋಗಿದೆ.

ಹಾಗೆಂದು ಮುಚ್ಚಿದ ನಕ್ಷೆಗಳೇ ಮೇಲು ಎಂದಲ್ಲ. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ ಅರ್ಧಕ್ಕೇ ನಿಂತ ಸೇತುವೆಯಿಂದ ಕಾರು ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತಾಗ ಅವರ ಫೋನಿನಲ್ಲಿ ದಾರಿ ತೋರಿಸುತ್ತಿದ್ದದ್ದು ಗೂಗಲ್ ಮ್ಯಾಪ್ ಎಂದು ವರದಿಯಾಯಿತು. ಅಂಥ ನಕ್ಷೆಯಲ್ಲಿ ಊರಿನವನು ದೂರು ಕೊಟ್ಟು ಕಾಯಬೇಕು. ಮುಕ್ತ ನಕ್ಷೆಯಲ್ಲಿ ಅವನೇ ಆ ಸೇತುವೆಯನ್ನು ದಾಟಲಾಗದ್ದು ಎಂದು ಬರೆಯಬಹುದು. ಪ್ರಶ್ನೆ ಇರುವುದು ಬರೆಯುವವನು ಇದ್ದಾನೆಯೇ ಎಂಬುದರಲ್ಲಿ.

ಕಂಪನಿ ಎದ್ದು ಹೋದಮೇಲೆ ಏನು ಉಳಿಯುತ್ತದೆ ಎಂಬುದು ನನ್ನ ಇನ್ನೊಂದು ಒರೆಗಲ್ಲು. ಇದರಲ್ಲಿ ಕಂಪನಿಗಳ ಪರವಾಗಿ ಹೇಳಬೇಕಾದ್ದೂ ಇದೆ. ವಾಲ್‌ಹಲ್ಲಾ ಹುಟ್ಟಿದ್ದು ಸ್ಯಾಮ್‌ಸಂಗ್ ದುಡ್ಡಿನಲ್ಲಿ ನಡೆಯುತ್ತಿದ್ದ ಮ್ಯಾಪ್‌ಜೆನ್ ಎಂಬ ಸಂಸ್ಥೆಯಲ್ಲಿ. 2018ರ ಜನವರಿಯಲ್ಲಿ ಹೊಸವರ್ಷದ ಮರುದಿನವೇ ಮ್ಯಾಪ್‌ಜೆನ್ ಬಾಗಿಲು ಹಾಕುವುದಾಗಿ ಘೋಷಿಸಿತು. ಸೇವೆಗಳು ನಿಂತವು, ನೌಕರರು ಚದುರಿದರು. ಆದರೆ ಕೋಡು ಮುಕ್ತವಾಗಿದ್ದರಿಂದ ಹೋದ ಹೋದಲ್ಲಿ ಅದನ್ನೇ ಕೈಗೆತ್ತಿಕೊಂಡರು. ಇಂದು ಸೈಕಲ್ ಆ್ಯಪ್‌ಗಳಿಂದ ಹಿಡಿದು ಟೆಸ್ಲಾ ಕಾರುಗಳವರೆಗೆ ಅದರ ಬಳಕೆಯಿದೆ. 2020ರ ಡಿಸೆಂಬರಿನಲ್ಲಿ ಮ್ಯಾಪ್‌ಬಾಕ್ಸ್ ತನ್ನ ನಕ್ಷೆ ಬಿಡಿಸುವ ಕೋಡ್ ಲೈಬ್ರರಿಯನ್ನು ಮುಕ್ತ ಲೈಸೆನ್ಸಿನಿಂದ ಹೊರಗೆಳೆದಾಗ, ಹಳೆಯ ಆವೃತ್ತಿಯಿಂದ ಕವಲೊಡೆದು ಮ್ಯಾಪ್‌ಲಿಬ್ರೆ ಬೆಳೆಯಿತು. ಅದಕ್ಕೆ ನೀರೆರೆದವರಲ್ಲಿ ಅಮೆಜಾನ್, ಮೈಕ್ರೋಸಾಫ್ಟ್ ಕೂಡ ಇವೆ. ಒಂದು ಕಂಪನಿ ಕಿತ್ತುಕೊಂಡದ್ದನ್ನು ಬೇರೆ ಕಂಪನಿಗಳೂ ಸೇರಿ ಕಟ್ಟಿಕೊಟ್ಟವು, ತಮ್ಮ ಲಾಭಕ್ಕೇ ಇರಲಿ. ಸವಾರರ ಮೆಚ್ಚಿನ, ದಾರಿ ಯೋಜಿಸಿಕೊಡುವ ಜರ್ಮನಿಯ ಆ್ಯಪ್ ಕೊಮೂಟ್ 2025ರ ಮಾರ್ಚಿನಲ್ಲಿ ಇಟಲಿಯ ಬೆಂಡಿಂಗ್ ಸ್ಪೂನ್ಸ್ ಕಂಪನಿಯ ಪಾಲಾಗಿ ಬಹುಪಾಲು ನೌಕರರು ಕೆಲಸ ಕಳೆದುಕೊಂಡರು. ವರ್ಷಗಟ್ಟಲೆ ಸವಾರರು ಅಲ್ಲಿ ಸೇರಿಸಿಟ್ಟ ಚಿತ್ರ, ಟಿಪ್ಪಣಿ, ಶಿಫಾರಸುಗಳು ಮಾರಾಟದ ಸರಕಿನ ಭಾಗವಾದವು. ಕೊಮೂಟ್ ಮುಕ್ತವಾಗಿ ಬಿಟ್ಟಿದ್ದ ಫೋಟಾನ್ ಎಂಬ ಸ್ಥಳ ಹುಡುಕುವ ತಂತ್ರಾಂಶ ಮಾತ್ರ ಯಾರ ಪಾಲೂ ಆಗದೆ ಉಳಿದಿದೆ. ಸವಾರರ ಆ ಟಿಪ್ಪಣಿಗಳಲ್ಲಿ ಎಷ್ಟೋ ಕಡೆ ಮುಂದೆ ಜಲ್ಲಿ ಇದೆ, ಇಳಿದು ನಡೆಯಿರಿ ಎಂಬ ಮಾತುಗಳಿದ್ದವು. ಮುಕ್ತ ನಕ್ಷೆಗೆ ಬರಬೇಕಿದ್ದ ಜ್ಞಾನ ಹೋಗಿ ಸೇರಿದ್ದು ಕಂಪನಿಯ ಉಗ್ರಾಣಕ್ಕೆ. ಇದರಲ್ಲಿ ಸವಾರರದ್ದೂ ಪಾಲಿದೆ. ಲೈಕು ಸಿಗುವ ಕಡೆಗೆ ಬರೆದೆವು, ಬೇಕಾದ ಕಡೆ ಬರೆಯಲಿಲ್ಲ.

ಆಡಳಿತದ ವಿಷಯ ಇನ್ನೂ ಸೂಕ್ಷ್ಮ. 2018ರ ನವೆಂಬರಿನಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಪ್ರತಿಷ್ಠಾನದ ಚುನಾವಣೆಗೆ ಮೊದಲು, ಮತದಾನದ ಅರ್ಹತೆಗೆ ಗಡುವು ಮುಗಿಯುವ ಹೊತ್ತಿಗೆ ಸರಿಯಾಗಿ, ಭಾರತದಲ್ಲಿ ಕಚೇರಿಯಿದ್ದ ಒಂದು ಗುತ್ತಿಗೆ ಕಂಪನಿಯ ನೂರು ನೌಕರರು ಒಂದೇ ದಿನದ ಆಸುಪಾಸಿನಲ್ಲಿ ಸದಸ್ಯರಾದರು. ತನಿಖೆ ನಡೆಸಿದ ಸಮಿತಿ ಇದು ಸಂಘಟಿತ ನೋಂದಣಿ ಎಂಬ ತೀರ್ಮಾನಕ್ಕೆ ಬಂತು. ಸಂಬಳ ಪಡೆದು ತಿದ್ದುವ ತಂಡಗಳು ತಮ್ಮ ಗುರುತು, ಉದ್ದೇಶ ಹೇಳಿಕೊಳ್ಳಬೇಕು ಎಂಬ ಮಾರ್ಗಸೂಚಿ ಒಪ್ಪಿಗೆಯಾದದ್ದೂ ಅದೇ ತಿಂಗಳು. 2022ರ ಡಿಸೆಂಬರಿನಲ್ಲಿ ಅಮೆಜಾನ್, ಮೆಟಾ ಎಂದು ಹೆಸರು ಬದಲಿಸಿಕೊಂಡ ಫೇಸ್‌ಬುಕ್, ಮೈಕ್ರೋಸಾಫ್ಟ್, ಟಾಮ್‌ಟಾಮ್ ಸೇರಿ ಓವರ್‌ಚರ್ ಎಂಬ ಬೇರೆ ಮನೆ ಕಟ್ಟಿಕೊಂಡವು. ರಸ್ತೆಗಳ ಮಾಹಿತಿ ಅಲ್ಲಿಗೂ ಹರಿಯುವುದು ಬಹುಪಾಲು ಇದೇ ಬಾವಿಯಿಂದ. ನೀರು ಸೇದುವ ಹಗ್ಗ ಮಾತ್ರ ಸದಸ್ಯ ಕಂಪನಿಗಳದ್ದು.

ಬೆಂಗಳೂರಿನಲ್ಲಿ ಇದರದ್ದೇ ಒಂದು ರೂಪ ನೋಡಿದೆವು. 2024ರ ಜುಲೈನಲ್ಲಿ ಓಲಾ ಗೂಗಲ್ಲನ್ನು ಬಿಟ್ಟು ತನ್ನದೇ ನಕ್ಷೆಗೆ ಹೋಯಿತು. ವರ್ಷಕ್ಕೆ 100 ಕೋಟಿ ರೂಪಾಯಿ ಉಳಿಯುತ್ತದೆ ಎಂದು ಅದರ ಮುಖ್ಯಸ್ಥರು ಹೇಳಿದರು. ಆ ನಕ್ಷೆಯ ಮೂಲಗಳಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ದೊಡ್ಡದು. ಉಳಿದ ದುಡ್ಡಿನ ಒಂದು ಅಂಶ ಊರಿನ ಅಡ್ಡರಸ್ತೆಗಳ ಮೇಲ್ಮೈಯನ್ನು ನಡೆದು ನೋಡಿ ಬರೆಯುವುದಕ್ಕೆ ಹೋಗಲಿ ಎಂದು ಕೇಳುವುದು ದಾನ ಕೇಳಿದಂತಲ್ಲ. ಸವಾರಿ ದಾಖಲಿಸುವ ಆ್ಯಪ್ ಸ್ಟ್ರಾವಾ ತನ್ನ ಸವಾರರ ಜಾಡುಗಳಿಂದ ಮಾಡಿದ ಹೀಟ್‌ಮ್ಯಾಪನ್ನು ನಕ್ಷೆ ತಿದ್ದುವವರು ನೋಡಿಕೊಳ್ಳಲು ಬಿಟ್ಟಿದೆ, ಒಳ್ಳೆಯದೇ. ಆದರೆ ಹೀಟ್‌ಮ್ಯಾಪಿನಲ್ಲಿ ಕಾಣುವುದು ಜನ ಹೋದ ದಾರಿ, ಬಿದ್ದ ಜಾಗವಲ್ಲ.

ಸ್ವಾರಸ್ಯವೆಂದರೆ ರಸ್ತೆಯ ಮೇಲ್ಮೈ ಗೊತ್ತಿಲ್ಲದ ಈ ಕೊರತೆಗೆ ಅತ್ಯಂತ ನೇರವಾದ ಮದ್ದು ಯಾವ ದೈತ್ಯ ಕಂಪನಿಯಿಂದಲೂ ಬರಲಿಲ್ಲ. ಸ್ಟ್ರೀಟ್‌ಕಂಪ್ಲೀಟ್ ಎಂಬ ಆಂಡ್ರಾಯ್ಡ್ ಆ್ಯಪ್ ಬಂದದ್ದು ಒಬ್ಬ ಜರ್ಮನ್ ತಂತ್ರಜ್ಞನಿಂದ. ಬೆಳೆದದ್ದು ಅಲ್ಲಿನ ಸರ್ಕಾರದ ಸಣ್ಣ ಅನುದಾನಗಳಿಂದ ಮತ್ತು ಸ್ವಯಂಸೇವಕರಿಂದ. ನೀವು ನಿಂತಿರುವ ಜಾಗದ ಸುತ್ತ ಅದು ಪ್ರಶ್ನೆಗಳನ್ನು ಹರಡುತ್ತದೆ: ಈ ರಸ್ತೆ ಡಾಂಬರೋ ಮಣ್ಣೋ, ಇಲ್ಲಿ ಸೈಕಲ್ ಪಥ ಇದೆಯೇ, ಈ ಮೆಟ್ಟಿಲಿನ ಪಕ್ಕ ಇಳಿಜಾರು ಇದೆಯೇ. ಚಿತ್ರ ನೋಡಿ ಒತ್ತಿದರೆ ಉತ್ತರ ನಕ್ಷೆಗೆ ಸೇರುತ್ತದೆ. ಟ್ಯಾಗು, ಲೈಸೆನ್ಸು ಯಾವುದೂ ತಿಳಿದಿರಬೇಕಿಲ್ಲ.

ಅಮೆಜಾನ್‌ನ ತಂಡ ಇದಕ್ಕೆ ಬದಲಾಗಿ ಡೆಲಿವರಿ ಚಾಲಕರ ಜಿಪಿಎಸ್ ಜಾಡನ್ನು ನೋಡಿ ಮನೆಯಂಗಳದ ದಾರಿಗಳನ್ನು ನಕ್ಷೆಗೆ ಸೇರಿಸುತ್ತದೆ. ಜಾಡನ್ನು ತೆಗೆದುಕೊಳ್ಳಲು ಯಾರನ್ನೂ ಮಾತಾಡಿಸಬೇಕಿಲ್ಲ. ಬೆಂಗಳೂರಿನ ಓಣಿಗಳಲ್ಲಿ ಸೈಕಲ್ಲಿನ ಮೇಲೆ, ಬಾಡಿಗೆಯ ಎಲೆಕ್ಟ್ರಿಕ್ ಗಾಡಿಗಳ ಮೇಲೆ ಬೆನ್ನಿಗೆ ಚೀಲ ಕಟ್ಟಿಕೊಂಡು ಓಡಾಡುವ ಹುಡುಗರಿಗೆ ಯಾವ ರಸ್ತೆಯುಬ್ಬಿಗೆ ಬಣ್ಣ ಬಳಿದಿಲ್ಲ, ಯಾವ ಮೋರಿಯ ಸರಳು ಕಿತ್ತಿದೆ, ಮಳೆ ಬಂದರೆ ಯಾವ ಅಂಡರ್‌ಪಾಸು ಮುಳುಗುತ್ತದೆ ಎಂಬುದು ಬಾಯಿಪಾಠ. ಆರ್ಡರು ಕೊಟ್ಟು ಮುಗಿಸಿದ ಮೇಲೆ ಸ್ಟ್ರೀಟ್‌ಕಂಪ್ಲೀಟ್ ಕೇಳುವಂಥ ಪ್ರಶ್ನೆಗಳಲ್ಲಿ ಒಂದನ್ನು ಫೋನು ಅವರನ್ನು ಕೇಳಬಹುದು, ಉತ್ತರಕ್ಕೆ ಎರಡು ರೂಪಾಯಿ ಕೊಡಬಹುದು, ಉತ್ತರವನ್ನು ಮುಕ್ತ ನಕ್ಷೆಗೆ ಬಿಡಬಹುದು. ಬೇಕಾದ ಕೋಡು ಈಗಾಗಲೇ ಮುಕ್ತವಾಗಿ ಸಿಗುತ್ತದೆ.